ಝೆರಾಕ್ಸ್ ಅಂಗಡಿಯ ಕಂಪ್ಯೂಟರಿಗೆ ದುಡ್ಡಿನ ಆಂಟಿವೈರಸ್ ಬೇಕೇ? ವರ್ಷಗಟ್ಟಲೆ ಬಳಸಿದ ಮೇಲಿನ ಅಭಿಪ್ರಾಯ

ಶಿರಸಿ ಪೇಟೆಯ ಝೆರಾಕ್ಸ್-ಡಿಟಿಪಿ ಅಂಗಡಿಯೊಂದರ ಎರಡು ಕಂಪ್ಯೂಟರುಗಳನ್ನು ಇಟ್ಟುಕೊಂಡು ಬರೆದ ವಿಮರ್ಶೆ ಇದು. ಒಂದರಲ್ಲಿ ಪ್ರತಿವರ್ಷ ದುಡ್ಡು ಕಟ್ಟಿ ನವೀಕರಿಸುವ ಆಂಟಿವೈರಸ್ ಇದೆ. ಇನ್ನೊಂದರಲ್ಲಿ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮಾತ್ರ. ಎರಡಕ್ಕೂ ಬರುವ ಕೆಲಸ ಒಂದೇ ಬಗೆಯದು: ಪಹಣಿ, ಕಾಲೇಜಿನ ಪ್ರಾಜೆಕ್ಟ್, ಅಡಿಕೆ ವಖಾರಿಯ ಲೆಕ್ಕದ ಎಕ್ಸೆಲ್ ಹಾಳೆ, ಯಕ್ಷಗಾನದ ಕರಪತ್ರ, ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಮೇಲಿಂದ ಮೇಲೆ ಬ್ಯಾನರು. ಬರುವವರಲ್ಲಿ ಬಹಳಷ್ಟು ಮಂದಿಯ ಕೈಯಲ್ಲಿ ಪೆನ್‌ಡ್ರೈವ್. ಯಾವ ಪ್ಯಾಕಿನಲ್ಲಿ ಏನೇನು ಸೌಲಭ್ಯ ಎಂಬ ಪಟ್ಟಿ ಡಬ್ಬಿಯ ಮೇಲೇ ಇರುತ್ತದೆ, ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಮೊದಲು ಸಿಟ್ಟಿನ ವಿಷಯ. ದುಡ್ಡಿನ ಆಂಟಿವೈರಸಿನ ಅವಧಿ ಮುಗಿಯುವುದಕ್ಕೆ ಇನ್ನೂ ಸಾಕಷ್ಟು ದಿನ ಇರುವಾಗಲೇ ನವೀಕರಣದ ಕಿಟಕಿ ಏಳಲು ಶುರುವಾಗುತ್ತದೆ. ಗಿರಾಕಿ ಎದುರಿಗೆ ನಿಂತಿರುವಾಗ, ಪ್ರಿಂಟ್ ಬಟನ್ ಒತ್ತುವ ಜಾಗದಲ್ಲೇ ಅದು ಬಂದು ಕೂರುತ್ತದೆ. ಜೊತೆಗೆ ಯಾರೂ ಕೇಳದ ಕ್ಲೀನರ್, ವಿಪಿಎನ್, ಬ್ರೌಸರಿನ ಎಕ್ಸ್‌ಟೆನ್ಶನ್. ನಾಲ್ಕು ಜಿಬಿ ರ‍್ಯಾಮ್, ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರಕ್ಕೆ ಈ ಹೊರೆ ಹೆಚ್ಚು. ಬೆಳಿಗ್ಗೆ ಯಂತ್ರ ಏಳುವಾಗಲೇ ಡಿಸ್ಕ್ ಬಳಕೆ ನೂರಕ್ಕೆ ಮುಟ್ಟಿ ಅಲ್ಲೇ ನಿಲ್ಲುತ್ತದೆ. ಇಂಥ ಯಂತ್ರಕ್ಕೆ ಆಂಟಿವೈರಸ್ ಬದಲಿಸುವುದಕ್ಕಿಂತ ಒಂದು ಎಸ್‌ಎಸ್‌ಡಿ ಹಾಕಿಸುವುದರಿಂದ ಹೆಚ್ಚು ಉಪಕಾರ.

ಕನ್ನಡದ ಕೆಲಸ ಮಾಡುವವರಿಗೆ ಇನ್ನೊಂದು ಕಾಟ ಇದೆ. ನುಡಿ, ಬರಹದಂಥ ತಂತ್ರಾಂಶಗಳು ಒತ್ತಿದ ಕೀಲಿಯನ್ನು ನಡುವೆಯೇ ಹಿಡಿದು ಕನ್ನಡದ ಅಕ್ಷರ ಕೊಡುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಯನ್ನು ಹಿಡಿಯುವುದು ಹೀಗೆಯೇ. ಹಾಗಾಗಿ ನಡವಳಿಕೆ ನೋಡಿ ಅನುಮಾನಿಸುವ ಆಂಟಿವೈರಸ್ ಇವನ್ನೂ ಕ್ವಾರಂಟೈನಿಗೆ, ಅಂದರೆ ಅನುಮಾನದ ಫೈಲುಗಳನ್ನು ಕೂಡಿಹಾಕುವ ಜಾಗಕ್ಕೆ, ತಳ್ಳಬಹುದು. ಆಗ ಇಡೀ ಡಿ ಡ್ರೈವಿಗೆ ವಿನಾಯಿತಿ ಕೊಟ್ಟುಬಿಡುವವರಿದ್ದಾರೆ. ಹಾಗೆ ಮಾಡಬಾರದು. ಅಧಿಕೃತ ತಾಣದಿಂದ ಇಳಿಸಿಕೊಂಡದ್ದು ಎಂಬುದು ಖಚಿತವಿದ್ದರೆ ಆ ಒಂದು ಪ್ರೋಗ್ರಾಮ್ ಫೈಲಿಗೆ ಮಾತ್ರ ವಿನಾಯಿತಿ ಕೊಟ್ಟರೆ ಸಾಕು.

ಇಷ್ಟಾದರೂ ಅಂಗಡಿಯ ಯಂತ್ರದಿಂದ ಆ ದುಡ್ಡಿನ ಆಂಟಿವೈರಸನ್ನು ಕಿತ್ತು ಹಾಕಿಲ್ಲ. ಕಾರಣ ಒಂದೇ, ಪೆನ್‌ಡ್ರೈವ್. ಚುಚ್ಚಿದ ಕೂಡಲೇ ಆ ಆಂಟಿವೈರಸ್ ಇಡೀ ಡ್ರೈವನ್ನು ತಾನಾಗಿ ಜಾಲಾಡುತ್ತದೆ, ಮುಗಿಯುವ ತನಕ ತೆರೆಯಲು ಬಿಡುವುದಿಲ್ಲ. ಡಿಫೆಂಡರ್ ಹಾಗಲ್ಲ. ಫೈಲನ್ನು ಮುಟ್ಟಿದಾಗ ಪರೀಕ್ಷಿಸುತ್ತದೆ, ನಿಜ. ಆದರೆ ಮೂಲ ಹೊಂದಾಣಿಕೆಯಲ್ಲಿ ಅದರ ಫುಲ್ ಸ್ಕ್ಯಾನ್ ಕೂಡ ಪೆನ್‌ಡ್ರೈವನ್ನು ಬಿಟ್ಟೇ ನಡೆಯುತ್ತದೆ. ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್’ ಎಂದು ನಾವೇ ಹೇಳಬೇಕು. ಮನೆಯಲ್ಲಿ ಇದು ದೊಡ್ಡ ಮಾತಲ್ಲ. ಕಾಲೇಜಿನ ಪ್ರಾಜೆಕ್ಟ್ ಸಲ್ಲಿಸುವ ಕೊನೆಯ ದಿನ ಸಾಲು ಬಾಗಿಲಾಚೆ ನಿಂತಿರುವಾಗ ಆ ಒಂದು ಕ್ಲಿಕ್ ತಪ್ಪಿಯೇ ತಪ್ಪುತ್ತದೆ.

ಈ ಭಾಗದ ಅಂಗಡಿಗಳಲ್ಲಿ ಈಗಲೂ ಹೆಚ್ಚು ಕಾಡುವುದು ಶಾರ್ಟ್‌ಕಟ್ ವೈರಸ್. ಅದು ಪೆನ್‌ಡ್ರೈವಿನ ಫೋಲ್ಡರುಗಳನ್ನೆಲ್ಲ ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಇಡುತ್ತದೆ. ಒತ್ತಿದರೆ ಹಿಂದಿನಿಂದ ಒಂದು ಸ್ಕ್ರಿಪ್ಟ್ ಓಡುತ್ತದೆ, ಮುಂದಿನಿಂದ ನಿಜವಾದ ಫೋಲ್ಡರೂ ತೆರೆಯುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಆಮೇಲೆ ಆ ಕಂಪ್ಯೂಟರಿಗೆ ಹಾಕಿದ ಪ್ರತಿ ಪೆನ್‌ಡ್ರೈವೂ ಕೆಡುತ್ತದೆ.

ಪೆನ್‌ಡ್ರೈವ್ ಕೈಗೆ ಬಂದಾಗಿನ ಕ್ರಮ ಹೀಗಿದ್ದರೆ ಒಳ್ಳೆಯದು. ಆಟೋಪ್ಲೇ ಆಫ್ ಇರಲಿ. ಎಕ್ಸ್‌ಪ್ಲೋರರಿನ ವ್ಯೂ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ಗೆ ಗುರುತು ಹಾಕಿರಲಿ, ಇಲ್ಲದಿದ್ದರೆ ಪಿಡಿಎಫ್ ಚಿತ್ರ ಹೊತ್ತು ಬಂದ ಇಎಕ್ಸ್‌ಇ ಫೈಲು ಗೊತ್ತೇ ಆಗುವುದಿಲ್ಲ. ನೋಟ ‘ಡೀಟೇಲ್ಸ್’ನಲ್ಲಿರಲಿ. ಟೈಪ್ ಎಂಬ ಕಂಬದಲ್ಲಿ ಫೋಲ್ಡರ್ ಎಂದಿರಬೇಕಾದ ಕಡೆ ಶಾರ್ಟ್‌ಕಟ್ ಎಂದಿದ್ದು, ಗಾತ್ರ ಒಂದೆರಡು ಕೆಬಿ ಇದ್ದರೆ ಅಲ್ಲಿಗೇ ಕೈ ನಿಲ್ಲಿಸಿ. ಎಲ್ಲ ಸರಿಯಿದ್ದರೆ ಸ್ಕ್ಯಾನ್ ಮಾಡಿ, ಬೇಕಾದ ಪಿಡಿಎಫ್ ಒಂದನ್ನೇ ಕಂಪ್ಯೂಟರಿಗೆ ನಕಲಿಸಿ, ಅಲ್ಲಿಂದ ತೆರೆದು ಮುದ್ರಿಸಿ. ಪೆನ್‌ಡ್ರೈವಿನಲ್ಲಿರುವಾಗಲೇ ಡಬಲ್ ಕ್ಲಿಕ್ ಮಾಡುವುದು ಬೇಡ. ಕೊನೆಗೆ ಇಜೆಕ್ಟ್ ಕೊಟ್ಟು ತೆಗೆಯಿರಿ. ಗಿರಾಕಿಯ ಆಧಾರ್, ಪಾಸ್‌ಬುಕ್ ಪ್ರತಿಗಳನ್ನು ಅವರ ಎದುರಿಗೇ ಅಳಿಸಿ. ಇದಕ್ಕೂ ವೈರಸ್ಸಿಗೂ ಸಂಬಂಧವಿಲ್ಲದಿದ್ದರೂ ಮಾಡಲೇಬೇಕಾದ ಕೆಲಸ.

ಕೆಟ್ಟ ಪೆನ್‌ಡ್ರೈವ್ ಬಂದರೆ ಫಾರ್ಮ್ಯಾಟ್ ಮಾಡಿ ಮಕ್ಕಳ ಪ್ರಾಜೆಕ್ಟ್ ಕಳೆಯಬೇಡಿ. ಫೈಲುಗಳು ಒಳಗೇ ಇರುತ್ತವೆ. ಸ್ಕ್ಯಾನ್ ಮಾಡಿ, ಕಮಾಂಡ್ ಪ್ರಾಂಪ್ಟ್ ತೆರೆದು ‘attrib -h -r -s /s /d E:\*.*’ ಎಂದು ಕೊಡಿ. ‘E’ ಇರುವಲ್ಲಿ ನಿಮ್ಮ ಡ್ರೈವಿನ ಅಕ್ಷರ ಹಾಕಿ. ಅಡಗಿದ್ದೆಲ್ಲ ಕಾಣುತ್ತದೆ. ಶಾರ್ಟ್‌ಕಟ್‌ಗಳನ್ನೂ ಗುರುತಿಲ್ಲದ ವಿಬಿಎಸ್ (.vbs) ಸ್ಕ್ರಿಪ್ಟ್ ಫೈಲನ್ನೂ ಅಳಿಸಿ. ಕಂಪ್ಯೂಟರಿಗೇ ಅಂಟಿದ್ದರೆ ಇಷ್ಟು ಸಾಲದು. ಟಾಸ್ಕ್ ಮ್ಯಾನೇಜರಿನಲ್ಲಿ ಸ್ಕ್ರಿಪ್ಟ್ ಓಡಿಸುವ ‘ಡಬ್ಲ್ಯುಸ್ಕ್ರಿಪ್ಟ್’ (wscript) ಓಡುತ್ತಿದ್ದರೆ ನಿಲ್ಲಿಸಿ, ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಅಪರಿಚಿತವಾದದ್ದನ್ನು ತೆಗೆದು, ಡಿಫೆಂಡರಿನ ಆಫ್‌ಲೈನ್ ಸ್ಕ್ಯಾನ್ ಕೊಡಿ. ಯಂತ್ರ ಮರುಚಾಲನೆಯಾಗಿ, ವಿಂಡೋಸ್ ಏಳುವ ಮೊದಲೇ ಹುಡುಕಾಟ ನಡೆಯುತ್ತದೆ. ಸುಮಾರು 15 ನಿಮಿಷದ ಕೆಲಸ. ಮಳೆಗಾಲವಾದರೆ ಯುಪಿಎಸ್ ಚಾರ್ಜ್ ನೋಡಿಕೊಂಡೇ ಶುರುಮಾಡಿ.

ಡಿಫೆಂಡರ್ ಮಾತ್ರ ಇರುವ ಯಂತ್ರವೂ ಸ್ವಚ್ಛವಾಗಿಯೇ ಇದೆ. ಅದರ ಶ್ರೇಯಸ್ಸಿನಲ್ಲಿ ದೊಡ್ಡ ಪಾಲು ಅಪ್‌ಡೇಟಿನದು. ಅಡಿಕೆಗೆ ಕೊಳೆರೋಗ ಕಾಣಿಸಿಕೊಂಡ ಮೇಲೆ ಬೋರ್ಡೋ ದ್ರಾವಣ ಹೊಡೆದಂತೆ, ವೈರಸ್ ಬಂದ ಮೇಲೆ ಹಾಕಿದ ಅಪ್‌ಡೇಟಿನಿಂದ ಆ ಸಲದ ನಷ್ಟ ತುಂಬುವುದಿಲ್ಲ. 2017ರ ಮೇ ತಿಂಗಳಲ್ಲಿ ಫೈಲಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಜಗತ್ತನ್ನೇ ಕಂಗೆಡಿಸಿತಲ್ಲ, ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚಿನಲ್ಲೇ ಕೊಟ್ಟಿತ್ತು. ಘಟ್ಟದ ಊರುಗಳಲ್ಲಿ ನೆಟ್ ಎಂದರೆ ಮೊಬೈಲ್ ಹಾಟ್‌ಸ್ಪಾಟ್. ಡೇಟಾ ಉಳಿಸಲು ಅದನ್ನು ‘ಮೀಟರ್ಡ್’ ಎಂದು ಗುರುತಿಸಿದ್ದರೆ ವೈರಸ್ ಪಟ್ಟಿ ತಾನಾಗಿ ಇಳಿಯದೆ ಉಳಿಯಬಹುದು. ವಿಂಡೋಸ್ ಸೆಕ್ಯುರಿಟಿಯಲ್ಲಿ ‘ಪ್ರೊಟೆಕ್ಷನ್ ಅಪ್‌ಡೇಟ್ಸ್’ಗೆ ಹೋಗಿ ಕೈಯಾರೆ ಒತ್ತಿ. ಜೋಯಿಡಾದ ಒಳಗಿನಂಥ ನೆಟ್ಟೇ ಸಿಗದ ಕಡೆಗೆ ಮೈಕ್ರೋಸಾಫ್ಟ್ ತಾಣದಿಂದ ‘ಎಂಪ್ಯಾಮ್-ಎಫ್ಇ’ (mpam-fe) ಎಂಬ ವೈರಸ್ ಪಟ್ಟಿಯ ಫೈಲನ್ನು ಪೇಟೆಯಲ್ಲಿ ಇಳಿಸಿಕೊಂಡು ಒಯ್ಯಬಹುದು. ನೂರು ಎಂಬಿಗೂ ಹೆಚ್ಚು ಇರುತ್ತದೆ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿದಿದೆ. ಅಂಥ ಯಂತ್ರಕ್ಕೆ ಎಷ್ಟು ದುಬಾರಿಯ ಆಂಟಿವೈರಸ್ ಹಾಕಿದರೂ ವಿಂಡೋಸಿನ ಕಿಂಡಿ ಮುಚ್ಚುವುದಿಲ್ಲ.

ಡಿಟಿಪಿಯವರಿಗೆ ಕಟುವಾದರೂ ಹೇಳಲೇಬೇಕಾದ ಮಾತು: ಕ್ರ್ಯಾಕ್ ಮಾಡಿದ ಫೋಟೋಶಾಪ್, ಕೋರೆಲ್ ಡ್ರಾ, ವಿಂಡೋಸ್ ಆಕ್ಟಿವೇಟರ್ ಹಾಕುವ ಸೂಚನೆಯಲ್ಲಿ ಮೊದಲ ಸಾಲೇ ‘ಆಂಟಿವೈರಸ್ ಆಫ್ ಮಾಡಿ’ ಎಂದಿರುತ್ತದೆ. ಆ ಹೊತ್ತಿನಲ್ಲಿ ದುಡ್ಡಿನದೂ ಒಂದೇ, ಪುಕ್ಕಟೆಯದೂ ಒಂದೇ. ಇನ್ಯಾರೋ ಇನ್‌ಸ್ಟಾಲ್ ಮಾಡಿಕೊಟ್ಟ ಯಂತ್ರವಾದರೆ ಎಕ್ಸ್‌ಕ್ಲೂಷನ್ಸ್ ಪಟ್ಟಿ ತೆರೆದು ನೋಡಿ. ಅಲ್ಲಿ ಇಡೀ ಸಿ ಡ್ರೈವ್ ಇದ್ದರೆ ಕಾವಲು ಇದ್ದೂ ಇಲ್ಲದ ಹಾಗೆ. ಚಿತ್ರದ ಕೆಲಸಕ್ಕೆ ಗಿಂಪ್, ವಿನ್ಯಾಸಕ್ಕೆ ಇಂಕ್‌ಸ್ಕೇಪ್, ಹಾಳೆಗಳಿಗೆ ಲಿಬ್ರೆಆಫೀಸ್ ಪುಕ್ಕಟೆ ಸಿಗುತ್ತವೆ. ದಿನದ ಕೆಲಸವನ್ನು ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಮಾಡದೆ ಸ್ಟ್ಯಾಂಡರ್ಡ್ ಖಾತೆಯಲ್ಲಿ ಮಾಡುವುದೂ ಖರ್ಚಿಲ್ಲದ ರಕ್ಷಣೆಯೇ.

ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್‌ಗೆಂದು ಡಿಫೆಂಡರಿನಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಇದೆ. ಮೊದಲಿಗೆ ಅದು ಆಫ್ ಇರುತ್ತದೆ. ಆನ್ ಮಾಡಿ, ಡಿ ಡ್ರೈವಿನ ಕೆಲಸದ ಫೋಲ್ಡರನ್ನು ಸೇರಿಸಿ. ಮೊದಲ ವಾರ ನಿಮ್ಮದೇ ತಂತ್ರಾಂಶವನ್ನು ಸೇವ್ ಮಾಡಲು ಬಿಡದೆ ಕಾಡಬಹುದು. ಒಂದೊಂದಕ್ಕೇ ಅನುಮತಿ ಕೊಡುತ್ತಾ ಹೋದರೆ ಸುಮ್ಮನಾಗುತ್ತದೆ. ಬೇರೆ ಆಂಟಿವೈರಸ್ ಹಾಕಿದ ಯಂತ್ರದಲ್ಲಿ ಇದು ಕೆಲಸ ಮಾಡುವುದಿಲ್ಲ.

ಆದರೂ ವಖಾರಿಯ ವರ್ಷದ ಲೆಕ್ಕವನ್ನು ಕೊನೆಗೆ ಉಳಿಸುವುದು ಬ್ಯಾಕಪ್ಪೇ. ಮನೆಯ ಯಂತ್ರಕ್ಕೆ ಡಿಫೆಂಡರ್ ಸಾಕು, ಆಂಟಿವೈರಸಿನ ಲೈಸೆನ್ಸ್ ನವೀಕರಿಸದೆ ಆ ದುಡ್ಡನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಬೇಕೆಂದು ಹೇಳುವುದು ಇದಕ್ಕೇ. ಸಂಜೆ ಬಾಗಿಲು ಹಾಕುವ ಮೊದಲು ಡಿಸ್ಕ್ ಚುಚ್ಚಿ, ಅಂದಿನ ತಾರೀಖಿನ ಫೋಲ್ಡರ್ ಮಾಡಿ ನಕಲಿಸಿ, ಒಂದು ಫೈಲನ್ನು ತೆರೆದು ನೋಡಿ, ಇಜೆಕ್ಟ್ ಮಾಡಿ ಕಪಾಟಿನಲ್ಲಿಡಿ. ಯಾವಾಗಲೂ ಚುಚ್ಚಿಯೇ ಇಟ್ಟ ಡಿಸ್ಕಿಗೂ ರ‍್ಯಾನ್ಸಮ್‌ವೇರ್ ಬೀಗ ಹಾಕುತ್ತದೆ. ಮುಂಗಾರಿನ ಮೊದಲ ಸಿಡಿಲಿಗೆ ಕಂಪ್ಯೂಟರಿನ ಜೊತೆ ಅದೂ ಸುಡಬಹುದು.

ಇನ್ನು ಅಂಗಡಿಯ ಯಂತ್ರ. ಅದಕ್ಕೆ ಲೈಸೆನ್ಸ್ ಕೊಳ್ಳುವವರು ಮೂರು ವರ್ಷದ್ದನ್ನು ಒಟ್ಟಿಗೆ ಕೊಂಡರೆ ಸಾಮಾನ್ಯವಾಗಿ ಅಗ್ಗ. ಆಟೋ ರಿನ್ಯೂವಲ್ ಆಫ್ ಮಾಡಿ, ಕ್ಲೀನರ್, ವಿಪಿಎನ್ ಬಿಟ್ಟು ಹಾಕಿ. ಅವಧಿ ಮುಗಿದದ್ದನ್ನು ಹಾಗೇ ಇಟ್ಟುಕೊಳ್ಳಬೇಡಿ, ಹೊಸ ವೈರಸ್ ಪಟ್ಟಿ ಅದಕ್ಕೆ ಬರುವುದಿಲ್ಲ. ಸೆಟ್ಟಿಂಗ್ಸ್‌ನಿಂದ ಅನ್‌ಇನ್‌ಸ್ಟಾಲ್ ಮಾಡಿ, ಅದೇ ಕಂಪನಿಯ ರಿಮೂವಲ್ ಟೂಲ್ ಓಡಿಸಿ, ಮರುಚಾಲನೆ ಕೊಟ್ಟು, ಡಿಫೆಂಡರಿನ ಹಸಿರು ಗುರುತು ಬಂದದ್ದನ್ನು ನೋಡಿಕೊಳ್ಳಿ. ಎರಡು ಆಂಟಿವೈರಸ್ ಒಟ್ಟಿಗೆ ಬೇಡ.

ಅಂಗಡಿಗೆ ಫೈಲು ವಾಟ್ಸ್ಆಪ್‌ನಲ್ಲಿ ಬರುವುದೂ ಹೆಚ್ಚಾಗಿದೆ. ಮದುವೆ ಆಮಂತ್ರಣ, ವಾಹನದ ಚಲನ್ ಎಂಬ ಹೆಸರಿನಲ್ಲಿ ಎಪಿಕೆ ಫೈಲು, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲು, ಬಂದರೆ, ಕಳಿಸಿದವರು ನೆಂಟರೇ ಆಗಿದ್ದರೂ ಒತ್ತಬೇಡಿ. ಅವರ ಫೋನೇ ಕೈತಪ್ಪಿರಬಹುದು. ಒತ್ತಿಯಾಗಿದ್ದರೆ ಮೊದಲು ನೆಟ್ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.