ದಿಶಾಂಕ್ ಆ್ಯಪ್: ಸರ್ವೆ ನಂಬರ್ ಹಿಡಿಯಲು ಭೇಷ್, ಗ್ರೀನ್ ಬೆಲ್ಟ್ ತಿಳಿಯಲು ಸಾಲದು

ಬೆಂಗಳೂರಿನ ಅಂಚಿನಲ್ಲಿ ಸೈಟು, ತೋಟ ನೋಡಲು ಹೊರಟವರು ಮೊದಲು ಹಾಕಿಕೊಳ್ಳಬೇಕಾದ ಆ್ಯಪ್ ದಿಶಾಂಕ್. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ್ದು. ದುಡ್ಡಿಲ್ಲ, ಕನ್ನಡದಲ್ಲೂ ಇದೆ. ಜಾಗದಲ್ಲೇ ನಿಂತು ಜಿಪಿಎಸ್ ಆನ್ ಮಾಡಿ ನಕ್ಷೆ ಮುಟ್ಟಿದರೆ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಬರುತ್ತವೆ. ಹೆಚ್ಚಿನ ವಿವರಕ್ಕೆ ಹೋಗಿ ಹಿಸ್ಸಾ (ಸರ್ವೆ ನಂಬರಿನ ಒಳಭಾಗ) ಆರಿಸಿದರೆ ಪಹಣಿದಾರರ ಹೆಸರು, ವಿಸ್ತೀರ್ಣ. ಕಾಗದ ಒಂದು ಸರ್ವೆ ನಂಬರಿನದು, ತೋರಿಸುವ ಜಾಗ ಇನ್ನೊಂದರದು ಎಂಬ ಹಳೇ ಆಟ ಇದರ ಮುಂದೆ ನಡೆಯುವುದಿಲ್ಲ. ಇಷ್ಟಕ್ಕೇ ಪೂರ್ತಿ ಅಂಕ ಕೊಡಬಹುದು.

ತೊಂದರೆ ಶುರುವಾಗುವುದು ಗೆರೆಗಳನ್ನು ನಂಬಿದಾಗ. ಹಳೆಯ ಗ್ರಾಮ ನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿರುವುದರಿಂದ ಗಡಿ ಕೆಲವು ಮೀಟರ್ ಆಚೀಚೆ ಇರುತ್ತದೆ. ಫೋನಿನ ಜಿಪಿಎಸ್ ಬಯಲಿನಲ್ಲೂ 5ರಿಂದ 10 ಮೀಟರ್ ತಪ್ಪಬಹುದು. 30×40 ಸೈಟಿನ ಅಗಲವೇ 9 ಮೀಟರ್ ಎಂದಮೇಲೆ, ಎಕರೆಗಟ್ಟಲೆ ಜಮೀನಿಗೆ ಸರಿಹೋಗುವ ಈ ಸಾಧನ ಸೈಟಿನ ಮಟ್ಟದಲ್ಲಿ ಕೈಕೊಡುತ್ತದೆ. ಹಿಸ್ಸಾಗಳ ಪಟ್ಟಿ ಸಿಗುತ್ತದೆಯೇ ಹೊರತು ನಿಮ್ಮ ಹಿಸ್ಸಾ ಎಲ್ಲಿ ಮುಗಿಯಿತೆಂಬುದನ್ನು ಇದರಲ್ಲಿ ನಿರ್ಧರಿಸಲಾಗದು. ಗ್ರಾಮಠಾಣೆಯೊಳಗಂತೂ (ಊರಿನ ಮನೆಗಳಿರುವ ಜಾಗ) ಸರ್ವೆ ನಂಬರೇ ಇರುವುದಿಲ್ಲ; ಅಲ್ಲಿ ಪಂಚಾಯಿತಿಯ ಇ-ಸ್ವತ್ತು ದಾಖಲೆ, ಅಂದರೆ ನಮೂನೆ 9 ಮತ್ತು 11 ನೋಡಬೇಕು.

ದಿಶಾಂಕ್‌ನಲ್ಲಿ ಹೆಸರು ತಾಳೆಯಾದರೆ ಜಾಗ 'ಕ್ಲಿಯರ್' ಎಂದು ತಿಳಿಯುವುದು ದೊಡ್ಡ ತಪ್ಪು. ಒಡೆತನ ಬೇರೆ, ಭೂ ಬಳಕೆಯ ವಲಯ ಬೇರೆ. ವಲಯ ತಿಳಿಯಲು ಯಾವ ಜಾಗ ಯಾವ ಬಳಕೆಗೆ ಎಂದು ತೋರಿಸುವ ಮಾಸ್ಟರ್ ಪ್ಲಾನ್ ಹಾಳೆಯೇ ಬೇಕು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ವ್ಯಾಪ್ತಿಯಾದರೆ 2007ರಲ್ಲಿ ಮಂಜೂರಾದ ಪರಿಷ್ಕೃತ ಮಾಸ್ಟರ್ ಪ್ಲಾನ್ 2015. 2031ರ ಕರಡು ಅಂತಿಮವಾಗಲೇ ಇಲ್ಲ. ಆನೇಕಲ್, ಹೊಸಕೋಟೆ, ನೆಲಮಂಗಲ, ಮಾಗಡಿಯ ಯೋಜನಾ ಪ್ರಾಧಿಕಾರಗಳಿಗೆ ಅವವುಗಳದೇ ಪ್ಲಾನ್. ದೇವನಹಳ್ಳಿ ಕಡೆಗೆ ವಿಮಾನ ನಿಲ್ದಾಣ ಪ್ರದೇಶದ ಪ್ರಾಧಿಕಾರ. ತಪ್ಪು ಪ್ರಾಧಿಕಾರದ ನಕ್ಷೆ ಹಿಡಿದು ಕೂರುವವರು ಕಡಿಮೆಯಿಲ್ಲ.

ದಿಶಾಂಕ್‌ನಿಂದ ಗ್ರಾಮ ಮತ್ತು ಸರ್ವೆ ನಂಬರ್ ಬರೆದುಕೊಂಡು ಆ ಹಾಳೆಯಲ್ಲಿ ಹುಡುಕಿ. ಹಳದಿ ಇದ್ದರೆ ವಸತಿ. ಹಸಿರಿನ ವಿಷಯದಲ್ಲಿ ಹುಷಾರು: ಕೃಷಿ ವಲಯ (ಜನ ಗ್ರೀನ್ ಬೆಲ್ಟ್ ಎನ್ನುವುದು ಇದನ್ನೇ) ತಿಳಿ ಹಸಿರು; ಉದ್ಯಾನ, ಬಯಲು ಜಾಗದ ಹಸಿರು ಬೇರೆ. ಮಸುಕಾದ ಪಿಡಿಎಫ್‌ನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಆದ್ದರಿಂದ ನಕ್ಷೆಯ ಬಣ್ಣಗಳ ಸೂಚಿಯ ಜೊತೆ ಹೋಲಿಸದೆ ತೀರ್ಮಾನ ಬೇಡ. ಕೃಷಿ ವಲಯದಲ್ಲಿ ಲೇಔಟ್ ಮಾಡಲು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕಲಂ 14ಎ ಪ್ರಕಾರ ಭೂ ಬಳಕೆ ಬದಲಾಗಬೇಕು: ಪತ್ರಿಕಾ ಪ್ರಕಟಣೆ, ಆಕ್ಷೇಪಣೆ, ಸರ್ಕಾರದ ಒಪ್ಪಿಗೆ. ಆಮೇಲೆ ಕೃಷಿಯೇತರ ಬಳಕೆಗೆ ಭೂಪರಿವರ್ತನೆ (ಜನ ಡಿಸಿ ಕನ್ವರ್ಷನ್ ಎನ್ನುವುದು), ಕಲಂ 17ರ ಲೇಔಟ್ ಮಂಜೂರಾತಿ. 'ಡಿಸಿ ಕನ್ವರ್ಷನ್ ಆಗಿದೆ' ಎಂಬ ಒಂದೇ ಮಾತಿಗೆ ಮುಂಗಡ ಕೊಡಬೇಡಿ. ಆದೇಶದಲ್ಲಿರುವ ಹಿಸ್ಸಾ, ಗುಂಟೆ, ಉದ್ದೇಶ ಮೂರನ್ನೂ ಪಹಣಿಗೆ ತಾಳೆ ಹಾಕಿ; ಕೈಗಾರಿಕೆಗೆಂದು ಪರಿವರ್ತನೆಯಾದ ಜಾಗ ಮನೆ ಕಟ್ಟಲಿಕ್ಕಲ್ಲ. 1 ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. ಅದರಲ್ಲಿ ಖರಾಬು, ಅಂದರೆ ಸಾಗುವಳಿಗೆ ಸಿಗದ ಜಾಗ, ಎಷ್ಟೆಂದು ಕಳೆದು ನೋಡಿ. 'ಬಿ' ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ಜಾಗ, ಮಾರುವಂತಿಲ್ಲ.

ಕೆರೆ, ಹಳ್ಳಗಳನ್ನು ಗುರುತಿಸಲು ಆ್ಯಪ್ ನೆರವಾಗುತ್ತದೆ. ಆದರೆ 2015ರ ಪ್ಲಾನಿನಲ್ಲಿ ಕೆರೆಗೆ 30 ಮೀಟರ್, ರಾಜಕಾಲುವೆಗೆ (ಮಳೆನೀರಿನ ಕಾಲುವೆ) ದರ್ಜೆ ನೋಡಿ 50, 25, 15 ಮೀಟರ್ ಬಫರ್ (ಕಟ್ಟಡ ಕಟ್ಟದೆ ಬಿಡಬೇಕಾದ ಅಂಚು), ಅದೂ ಕಾಲುವೆಯ ನಡುಗೆರೆಯಿಂದ ಅಳೆದು. 15 ಮೀಟರಿನ ಬಫರ್ ಅಳೆಯಲು 10 ಮೀಟರ್ ತಪ್ಪುವ ಫೋನು ಸಾಕೇ? ಅನುಮಾನವಿದ್ದರೆ ಸರ್ವೆ ಇಲಾಖೆಯ ಮೋಜಿಣಿ ವ್ಯವಸ್ಥೆಯ ಮೂಲಕ ಹದ್ದುಬಸ್ತಿಗೆ (ಗಡಿ ಅಳೆದು ಗುರುತಿಸಲು) ಅರ್ಜಿ ಹಾಕಿಸಿ. ಅರ್ಜಿ ಪಹಣಿದಾರರೇ ಕೊಡಬೇಕಾದ್ದರಿಂದ, ಅಳತೆ ಮುಗಿದ ಮೇಲೆಯೇ ಮುಂಗಡ ಎಂದು ಮೊದಲೇ ಮಾತಾಡಿಕೊಳ್ಳಿ.