ಅಳಿವೆಯ ಕೆಸರಿಗೆ ಯಾವ ಎಣ್ಣೆಬಣ್ಣ: ಮೂರು ಬಗೆ, ಒಂದೇ ಇಳಿತ

ಕಾಸರಗೋಡಿನ ಮಂಜೇಶ್ವರ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ, ಯಾವ ಹೊಳೆಯ ಅಳಿವೆಗೆ ಬಣ್ಣದ ಪೆಟ್ಟಿಗೆ ಹೊತ್ತುಕೊಂಡು ಹೋದರೂ ಮೊದಲು ಹಾಕಬೇಕಾದ್ದು ನೀರಿನ ಲೆಕ್ಕ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ. ಅದರಲ್ಲಿ ಕಾಂಡ್ಲಾದ (ಮ್ಯಾಂಗ್ರೋವ್) ಬೇರು ಕಾಣುವಷ್ಟು ನೀರು ಇಳಿದು, ಕೆಸರಿನ ಮೇಲೆ ಆಕಾಶದ ಹೊಳಪು ಇನ್ನೂ ಆರದೆ ಇರುವ ಹೊತ್ತು ಹೆಚ್ಚೆಂದರೆ ಒಂದೂವರೆ ಗಂಟೆ. ಮರುದಿನ ಅದೇ ಮಟ್ಟದ ನೀರು ಸುಮಾರು 50 ನಿಮಿಷ ತಡವಾಗಿ ಬರುತ್ತದೆ, ಅಷ್ಟರಲ್ಲಿ ಬಿಸಿಲು ಬದಲಾಗಿರುತ್ತದೆ. ಅದೇ ಬಿಸಿಲೂ ಅದೇ ನೀರೂ ಹೆಚ್ಚುಕಡಿಮೆ ಒಟ್ಟಿಗೆ ಸಿಗಬೇಕಾದರೆ ಒಂದು ಪಕ್ಷ ಕಾಯಬೇಕು. ಅಮಾವಾಸ್ಯೆಯ ಬೆಳಿಗ್ಗೆ ಕಂಡದ್ದಕ್ಕೆ ಹತ್ತಿರದ್ದು ಹುಣ್ಣಿಮೆಯ ಬೆಳಿಗ್ಗೆ ಸಿಗುತ್ತದೆ. ಬಂದರಿನ ಉಬ್ಬರ-ಇಳಿತದ ಪಟ್ಟಿ ನೋಡಿ ಹೊರಡುವವರು ಇನ್ನೊಂದು ಮಾತು ನೆನಪಿಡಬೇಕು. ಅಳಿವೆಬಾಗಿಲಿನಿಂದ ಹೊಳೆಯ ಒಳಗೆ ಹೋದಷ್ಟೂ ಇಳಿತ ತಡವಾಗುತ್ತದೆ.

ಬಣ್ಣದ ಆಯ್ಕೆಯನ್ನೂ ಈ ಲೆಕ್ಕಕ್ಕೇ ಒರೆಹಚ್ಚಿ ನೋಡಿದೆವು. ಕೂತ ಒಂದೂವರೆ ಗಂಟೆಯೂ ಬಣ್ಣ ಹಸಿಯಾಗಿರಬೇಕು, ಅಂಚು ಬೆರೆಸಲು ಬಿಡಬೇಕು. ಹದಿನೈದನೆಯ ದಿನಕ್ಕೆ ಅದರ ಮೇಲೆ ಇನ್ನೊಂದು ಪದರ ಎಳೆದರೆ ಕೆಳಗಿನದು ಏಳಬಾರದು. ಪರೀಕ್ಷೆಗೆ ಮೂರು ಬಗೆ ಇಟ್ಟುಕೊಂಡೆವು: ಅಗಸೆ ಎಣ್ಣೆಯಲ್ಲಿ ಅರೆದ ಸಾಮಾನ್ಯ ಟ್ಯೂಬ್ ಬಣ್ಣ, ಬೇಗ ಒಣಗುವ ಆಲ್ಕಿಡ್ (ರಾಳ ಸೇರಿದ ಎಣ್ಣೆಬಣ್ಣ), ನೀರಿನಲ್ಲಿ ಕಲಸಬಹುದಾದ ಎಣ್ಣೆಬಣ್ಣ. ಹಲಗೆ ಮೂರಕ್ಕೂ ಒಂದೇ: 6 ಮಿ.ಮೀ. ಪ್ಲೈವುಡ್, 8×10 ಇಂಚು, ಮೂರು ಕೋಟ್ ಅಕ್ರಿಲಿಕ್ ಜೆಸ್ಸೊ (ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ತಳಲೇಪ). ಬಣ್ಣಗಳೂ ಒಂದೇ: ಟೈಟಾನಿಯಂ ವೈಟ್, ಯೆಲ್ಲೋ ಓಕರ್, ಲೆಮನ್ ಯೆಲ್ಲೋ, ಬರ್ಂಟ್ ಸಿಯೆನಾ, ಬರ್ಂಟ್ ಅಂಬರ್, ಅಲ್ಟ್ರಾಮರೀನ್, ವಿರಿಡಿಯನ್. ಈ ಏಳರ ಹೊರಗೆ ಅಳಿವೆಗೆ ಬೇರೇನೂ ಬೇಡ.

ಸಾಮಾನ್ಯ ಎಣ್ಣೆಬಣ್ಣ

ಕೈಗೆ ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಹೊಳೆಯ ಕೆಸರನ್ನು ಹತ್ತಿರದಿಂದ ನೋಡಿದರೆ ಅದು ಒಂದೇ ಬಣ್ಣದ್ದಲ್ಲ. ನೀರು ಈಗಷ್ಟೇ ಬಿಟ್ಟುಹೋದ ಅಂಚಿನಲ್ಲಿ ಒಂದು ಗೇಣು ಅಗಲಕ್ಕೆ ಕಪ್ಪುನೀಲಿ, ಅದರ ಹಿಂದೆ ಆಕಾಶವನ್ನು ಹಿಡಿದಿಟ್ಟ ಬೂದು, ಇನ್ನೂ ಹಿಂದೆ ಒಣಗುತ್ತ ಬಂದ ಕಡೆ ಮುರಕಲ್ಲಿನ ಮಣ್ಣು ಸೇರಿದ ಕಂದು. ಈ ಮೂರರ ನಡುವೆ ಗೆರೆಯಿಲ್ಲ, ಒಂದರೊಳಗೆ ಒಂದು ಕರಗುತ್ತದೆ. ಅಲ್ಟ್ರಾಮರೀನ್ ಎರಡು ಪಾಲು, ಬರ್ಂಟ್ ಅಂಬರ್ ಒಂದು ಪಾಲು ಕಲಸಿ, ಬಿಳಿ ಸೇರಿಸುತ್ತ ಹೋದರೆ ಮೂರೂ ಒಂದೇ ಗುಡ್ಡೆಯಿಂದ ಬರುತ್ತವೆ, ಕೊನೆಯದಕ್ಕೆ ಮಾತ್ರ ಚಿಟಿಕೆ ಸಿಯೆನಾ. ಆ ಕರಗುವಿಕೆ ಸಾಮಾನ್ಯ ಎಣ್ಣೆಬಣ್ಣದಲ್ಲಿ ಬ್ರಶ್‌ನ ಒಂದೇ ಎಳೆತಕ್ಕೆ ಸಿಗುತ್ತದೆ. ಒಂದೂವರೆ ಗಂಟೆಯಲ್ಲ, ಸಂಜೆಯವರೆಗೂ ಹಸಿಯಾಗಿಯೇ ಇರುತ್ತದೆ.

ತೊಂದರೆ ಶುರುವಾಗುವುದು ಮನೆಗೆ ತಂದ ಮೇಲೆ. ಎಣ್ಣೆಬಣ್ಣ ಆರುವುದು ನೀರಿನ ಹಾಗೆ ಆವಿಯಾಗಿ ಅಲ್ಲ. ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ನಮ್ಮ ಕರಾವಳಿಯ ತೇವ ಆ ಕೆಲಸವನ್ನು ನಿಧಾನಿಸುತ್ತದೆ. ಎಲ್ಲ ಬಣ್ಣವೂ ಒಂದೇ ವೇಗದಲ್ಲಿ ಒಣಗುವುದೂ ಇಲ್ಲ. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ಟೈಟಾನಿಯಂ ವೈಟ್ ತೀರ ಸಾವಕಾಶ. ಹಾಗಾಗಿ ಬೇರಿನ ನೆರಳು, ಕಾಂಡ್ಲಾದ ಕಡುಹಸಿರು ನಾಲ್ಕೈದು ದಿನಕ್ಕೆ ಬೆರಳಿಗೆ ಅಂಟದಷ್ಟು ಗಟ್ಟಿಯಾದರೂ ಆಕಾಶ, ನೀರಿನ ಹೊಳಪು, ಮಸುಕು ಕೆಸರು ಇವೆಲ್ಲ ಹಸಿಯಾಗಿ ಉಳಿದವು. ಚಳಿಗಾಲದ ಒಣಹವೆಯಲ್ಲಿ ತೆಳುವಾಗಿ ಹಚ್ಚಿದ ಆಕಾಶ ಪಕ್ಷದೊಳಗೆ ಒಣಗಿತು. ಮೇ ತಿಂಗಳ ಬೆವರುಹವೆಯಲ್ಲಿ ನೈಫ್‌ನಿಂದ ದಪ್ಪಕ್ಕೆ ಇಟ್ಟ ಬಿಳಿ ಹದಿನೈದನೆಯ ದಿನವೂ ಉಗುರಿಗೆ ಮೆತ್ತಗೆ ಸಿಕ್ಕಿತು, ನುಸಿ ಕೂತ ಗುರುತೂ ಅದರಲ್ಲಿತ್ತು.

ಮೊದಲ ಪದರಕ್ಕೆ ಎಣ್ಣೆ ಸೇರಿಸದೆ ಟರ್ಪೆಂಟೈನ್‌ನಲ್ಲಿ ಮಾತ್ರ ತೆಳುಮಾಡಿ, ಅಂಬರ್‌ನಿಂದ ನೆರಳಿನ ಜಾಗ ತುಂಬಿಕೊಂಡರೆ ಅರ್ಧ ಸಮಸ್ಯೆ ತೀರುತ್ತದೆ. ಅಡುಗೆಮನೆಯ ತೆಂಗಿನೆಣ್ಣೆಯನ್ನು ಮಾತ್ರ ಬಣ್ಣದ ಹತ್ತಿರ ತರಬೇಡಿ. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುವ ಜಾತಿಯದು, ತೆಂಗಿನೆಣ್ಣೆ ಎಷ್ಟು ವರ್ಷ ಇಟ್ಟರೂ ಗಟ್ಟಿಯಾಗದು. ಬ್ರಶ್‌ನ ಬಣ್ಣ ಬಿಡಿಸಲು ಅದು ಒಳ್ಳೆಯದೇ, ಆದರೆ ಆಮೇಲೆ ಬಟ್ಟೆ ಸೋಪಿನಲ್ಲಿ ಎರಡು ಮೂರು ಸಲ ನೊರೆ ಬರಿಸಿ ತೊಳೆಯದಿದ್ದರೆ ಕೂದಲ ಬುಡದಲ್ಲಿ ಉಳಿದ ಜಿಡ್ಡು ಮುಂದಿನ ಚಿತ್ರವನ್ನು ಒಣಗಲು ಬಿಡುವುದಿಲ್ಲ.

ಆಲ್ಕಿಡ್

ಇಡೀ ಚಿತ್ರ ಮರುದಿನಕ್ಕೆ ಒಣಗಿರುತ್ತದೆ, ಅದೇ ಇದರ ದೊಡ್ಡ ಗುಣ. ಬಣ್ಣದ ಕಂಪನಿ ವಿನ್ಸರ್ ಅಂಡ್ ನ್ಯೂಟನ್‌ನ ಗ್ರಿಫಿನ್ ಈ ಬಗೆಯದು. ಟ್ಯೂಬ್ ಸಿಗದ ಕಡೆ ಸಾಮಾನ್ಯ ಬಣ್ಣಕ್ಕೆ ಲಿಕ್ವಿನ್‌ನಂಥ ಆಲ್ಕಿಡ್ ಮೀಡಿಯಂ ಸೇರಿಸಿದರೂ ನಡೆಯುತ್ತದೆ. ನಾಲ್ಕು ಪಾಲು ಬಣ್ಣಕ್ಕೆ ಒಂದು ಪಾಲು ಸಾಕು, ಹೆಚ್ಚಾದರೆ ಮೇಲ್ಮೈ ಜಾರುತ್ತದೆ, ಗಾಜಿನ ಹಾಗೆ ಹೊಳೆಯುತ್ತದೆ.

ಆದರೆ ಬಯಲಲ್ಲಿ ಇದು ಕೈಕೊಡುತ್ತದೆ. ಬೆಳಿಗ್ಗೆ ಏಳಕ್ಕೆ ಪ್ಯಾಲೆಟ್‌ನಲ್ಲಿ ಹಿಂಡಿದ ಬಣ್ಣ ಬಿಸಿಲೇರಿ ಕಡಲಗಾಳಿ ಶುರುವಾಗುವ ಹೊತ್ತಿಗೆ ಹಾಲಿನ ಕೆನೆಯಂತೆ ತೊಗಲು ಕಟ್ಟುತ್ತದೆ. ಅದನ್ನು ಕಲಕಿದರೆ ತುಣುಕು ತುಣುಕಾಗಿ ಬ್ರಶ್‌ಗೆ ಬರುತ್ತದೆ. ಕೆಸರಿನ ಮೂರು ಬೂದುಗಳನ್ನು ಒಂದರೊಳಗೊಂದು ಎಳೆಯಲು ಹೋದಾಗ ಮೊದಲ ಅರ್ಧ ಗಂಟೆ ಸುಖ. ಆಮೇಲೆ ಬ್ರಶ್ ತಡೆಯುತ್ತದೆ, ಎಳೆದ ಕಡೆ ಗೆರೆ ಉಳಿಯುತ್ತದೆ. ಊರುಗೋಲಿನಂತೆ ಇಳಿಬಿದ್ದ ಬೇರುಗಳನ್ನು ಬರೆಯಲು ಮಾತ್ರ ಇದೇ ತಡೆತ ಉಪಕಾರಕ್ಕೆ ಬಂತು. ಅಂಟುಹಿಡಿದ ಹಿನ್ನೆಲೆಯ ಮೇಲೆ ಸಣ್ಣ ಬ್ರಶ್‌ನ ಗೆರೆ ಕಲಸಿಹೋಗದೆ ಚೊಕ್ಕವಾಗಿ ನಿಂತಿತು. ಬ್ರಶ್ ತೊಳೆಯುವುದನ್ನು ರಾತ್ರಿಗೆ ಮುಂದೂಡುವಂತಿಲ್ಲ. ಮುಂದೂಡಿದರೆ ಆ ಬ್ರಶ್ ಮತ್ತೆ ಕೆಲಸಕ್ಕೆ ಬಾರದು.

ಪದರದ ನಿಯಮವೂ ಒಂದಿದೆ. ಆಲ್ಕಿಡ್‌ನ ಮೇಲೆ ಸಾಮಾನ್ಯ ಎಣ್ಣೆಬಣ್ಣ ಹಚ್ಚಬಹುದು, ಹಸಿ ಎಣ್ಣೆಬಣ್ಣದ ಮೇಲೆ ಆಲ್ಕಿಡ್ ಹಚ್ಚಬಾರದು. ಮೇಲಿನದು ಮೊದಲು ಗಟ್ಟಿಯಾಗಿ ಕೆಳಗಿನದು ಆಮೇಲೆ ಕದಲಿದರೆ ಬಿರುಕು ಬಿಡುತ್ತದೆ.

ನೀರಿನಲ್ಲಿ ಕಲಸುವ ಎಣ್ಣೆಬಣ್ಣ

ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ರೈಲು ಹತ್ತಿ ಬರುವವರಿಗೆ ಇದು ವರ. ರೈಲಿನಲ್ಲಿ ಬೆಂಕಿ ಹತ್ತುವ ದ್ರವ ಒಯ್ಯುವಂತಿಲ್ಲ, ಹಾಗಾಗಿ ಟರ್ಪೆಂಟೈನ್ ಬಾಟಲಿ ಮನೆಯಲ್ಲೇ ಉಳಿಯಬೇಕು. ಇದಕ್ಕೆ ಒಂದು ಬಾಟಲಿ ಕುಡಿಯುವ ನೀರು ಸಾಕು. ಎಣ್ಣೆ ಅದೇ ಅಗಸೆಯದು; ನೀರಿನೊಂದಿಗೆ ಬೆರೆಯುವಂತೆ ಮಾರ್ಪಡಿಸಿರುತ್ತಾರೆ, ಅಷ್ಟೇ. ಆರ್ಟಿಸಾನ್, ಕೋಬ್ರಾ ಎಂಬ ಹೆಸರುಗಳಲ್ಲಿ ಬರುತ್ತದೆ. ವಾಸನೆಯಿಲ್ಲ, ತಲೆನೋವಿನವರಿಗೂ ಆದೀತು.

ಮೂರು ಕಡೆ ಎಡವುತ್ತದೆ. ನೀರು ಸೇರಿದ ಬಣ್ಣ ಹಾಲುಹಾಲಾಗಿ ಕಾಣುತ್ತದೆ, ನೀರು ಆರಿದ ಮೇಲೆ ಒಂದು ಮೆಟ್ಟಿಲು ಕಪ್ಪಾಗುತ್ತದೆ. ಕಾಂಡ್ಲಾದ ನೆರಳಿನಂಥ ಕಡುಬಣ್ಣದಲ್ಲಿ ಈ ವ್ಯತ್ಯಾಸ ಜೋರು: ಸ್ಥಳದಲ್ಲಿ ಸರಿಯಾಗಿ ಕಂಡ ಹಸಿರು ಮನೆಯಲ್ಲಿ ಗುಹೆಯಂತೆ ಕಂಡಿತು. ಎರಡನೆಯದು, ಬೆಳಗಿನ ತೇವದಲ್ಲಿ ನೀರು ಹೆಚ್ಚಾದರೆ ಬಣ್ಣ ಆರುವುದೂ ಇಲ್ಲ, ಜಾರುವುದೂ ಇಲ್ಲ. ಬೆಲ್ಲದ ಪಾಕದ ಹಾಗೆ ಎಳೆಎಳೆಯಾಗಿ ಅಂಟುತ್ತದೆ. ಮೊದಲ ತೆಳುಪದರಕ್ಕೆ ಮಾತ್ರ ನೀರು ಬಳಸಿ, ಆಮೇಲಿನದಕ್ಕೆ ಟ್ಯೂಬ್‌ನಿಂದ ಬಂದ ಹಾಗೇ ಹಚ್ಚಿದಾಗ ಈ ಕಾಟ ತಪ್ಪಿತು. ಮೂರನೆಯದು ಮಳೆ. ಸಾಮಾನ್ಯ ಎಣ್ಣೆಬಣ್ಣದ ಮೇಲೆ ತುಂತುರು ಬಿದ್ದರೆ ಕೆಸುವಿನ ಎಲೆಯ ಮೇಲಿನಂತೆ ಹನಿ ಉರುಳುತ್ತದೆ, ಹಲಗೆ ಕೊಡವಿದರೆ ಆಯಿತು. ನೀರಿನ ಬಗೆಯದರ ಮೇಲೆ ಬಿದ್ದ ಹನಿ ಬಣ್ಣವನ್ನು ಕರಗಿಸಿ ಗುಳಿ ಮಾಡುತ್ತದೆ. ತುಲಾಮಾಸದ ಸಂಜೆಮಳೆಯ ದಿನಗಳಲ್ಲಿ ಇದನ್ನು ತಗೊಂಡು ಹೋಗಬೇಡಿ. ಬಾಟಲಿ ನೀರು ಮುಗಿಯಿತೆಂದು ಹೊಳೆಯ ಉಪ್ಪುನೀರನ್ನು ಕಲಸಲೂಬೇಡಿ, ಒಣಗಿದ ಮೇಲೆ ಉಪ್ಪು ಪದರದೊಳಗೇ ಉಳಿಯುತ್ತದೆ.

ಒಣಗುವುದರಲ್ಲಿ ಸಾಮಾನ್ಯ ಬಣ್ಣಕ್ಕಿಂತ ಹೇಳುವಂಥ ಮುನ್ನಡೆಯೇನೂ ಇಲ್ಲ. ನೀರು ಆರಿತೆಂದರೆ ಚಿತ್ರ ಒಣಗಿತೆಂದು ಹೊಸಬರು ತಿಳಿಯುತ್ತಾರೆ. ಎಣ್ಣೆ ತನ್ನ ಪಾಡಿಗೆ ತನ್ನ ವಾರಗಳನ್ನು ತೆಗೆದುಕೊಳ್ಳುತ್ತದೆ.

ಹಾಗಾದರೆ ಯಾವುದು?

ಇಡೀ ಸೆಟ್ ಬದಲಿಸುವುದು ಬೇಡ, ಬಿಳಿಯೊಂದನ್ನು ಬದಲಿಸಿ. ಅಳಿವೆಯ ಚಿತ್ರದಲ್ಲಿ ಆಕಾಶಕ್ಕೂ ನೀರಿಗೂ ಕೆಸರಿಗೂ ಬಿಳಿ ಸೇರದೆ ವಿಧಿಯಿಲ್ಲ. ಹಿಂದುಳಿಯುವುದೂ ಅದೇ. ಮಿಕ್ಕ ಆರು ಬಣ್ಣ ಸಾಮಾನ್ಯದ್ದೇ ಇಟ್ಟುಕೊಂಡು, ಬಿಳಿಯನ್ನು ಮಾತ್ರ ಆಲ್ಕಿಡ್‌ಗೆ ತಿರುಗಿಸಿದಾಗ ಕೈಗೆ ಬೇಕಾದ ಸಾವಕಾಶವೂ ಸಿಕ್ಕಿತು, ಮೇ ತಿಂಗಳಲ್ಲೂ ಪಕ್ಷದೊಳಗೆ ಚಿತ್ರ ಒಣಗಿತು. ಆಲ್ಕಿಡ್ ಬಿಳಿಯ ಟ್ಯೂಬ್ ಇಲ್ಲದಿದ್ದರೆ ಹೊರಡುವ ಬೆಳಿಗ್ಗೆ ಗಾಜಿನ ಮೇಲೆ ಬಿಳಿಗೆ ನಾಲ್ಕಕ್ಕೊಂದರಂತೆ ಮೀಡಿಯಂ ಕಲಸಿ, ಮುಚ್ಚಳ ಬಿಗಿಯಾದ ಪುಟ್ಟ ಡಬ್ಬಿಯಲ್ಲಿ ಒಯ್ಯಿರಿ. ಎಲ್ಲವನ್ನೂ ಒಮ್ಮೆಲೆ ಪ್ಯಾಲೆಟ್‌ಗೆ ಹಾಕದೆ ಅರ್ಧರ್ಧ ಗಂಟೆಗೆ ಬೇಕಾದಷ್ಟೇ ತೆಗೆಯಿರಿ. ಬೇಗ ಒಣಗುತ್ತದೆಂದು ಝಿಂಕ್ ವೈಟ್‌ಗೆ ಹೋಗಬೇಡಿ: ಅದು ಬೇಗ ಒಣಗುವುದೂ ಇಲ್ಲ, ಒಣಗಿದ ಪದರ ಕಾಲ ಹೋದಂತೆ ಗಡುಸಾಗಿ ಬಿರಿಯುತ್ತದೆ.

ರೈಲಿನಲ್ಲಿ ಬರುವವರಿಗೆ, ವಾಸನೆ ಆಗದವರಿಗೆ ನೀರಿನ ಬಗೆ. ಪೂರ್ತಿ ಆಲ್ಕಿಡ್ ಸೆಟ್ ಮನೆಯೊಳಗಿನ ಕೆಲಸಕ್ಕೆ ಇರಲಿ.

ಹಲಗೆ, ಕ್ಯಾನ್ವಾಸ್, ಕಾಗದ

ಚೌಕಟ್ಟಿಗೆ ಬಿಗಿದ ಕ್ಯಾನ್ವಾಸ್ ಅಳಿವೆಗೆ ಸಲ್ಲದು. ಬೆಳಗಿನ ತೇವಕ್ಕೆ ಸಡಿಲವಾಗಿ ಬ್ರಶ್ ಒತ್ತಿದಲ್ಲಿ ತಗ್ಗುತ್ತದೆ, ಗಾಳಿ ಬಂದರೆ ಹಾಯಿಯಂತೆ ಉಬ್ಬಿ, ಚಿತ್ರ ನಿಲ್ಲಿಸುವ ಈಸೆಲ್‌ನ್ನೇ ಕೆಡವುತ್ತದೆ. ಹಿಂದಿನಿಂದ ಬಿಸಿಲು ತೂರಿ ಬಣ್ಣವೆಲ್ಲ ಇರುವುದಕ್ಕಿಂತ ಬೆಳಕಾಗಿ ಕಾಣುವುದು ಇನ್ನೊಂದು ಮೋಸ.

ಎಣ್ಣೆಬಣ್ಣಕ್ಕೆಂದೇ ತಯಾರಿಸಿದ 300 ಜಿ.ಎಸ್.ಎಂ. ಕಾಗದ ಹಗುರ, ಅಗ್ಗ. ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ ರಟ್ಟಿಗೆ ಅಂಟಿಸಿಕೊಳ್ಳಬೇಕು. ಇಂಗ್ಲೆಂಡಿನ ಚಿತ್ರಕಾರ ಕಾನ್‌ಸ್ಟೆಬಲ್ 1821-22ರಲ್ಲಿ ಹ್ಯಾಂಪ್‌ಸ್ಟೆಡ್‌ನ ಆಕಾಶವನ್ನು ಎಣ್ಣೆಬಣ್ಣದಲ್ಲಿ ಕಾಗದದ ಮೇಲೇ ಬರೆದು, ಹಿಂಬದಿಗೆ ದಿನ, ಹೊತ್ತು, ಗಾಳಿಯ ದಿಕ್ಕು ಗುರುತು ಹಾಕಿದ್ದ. ನಾವು ಇವುಗಳ ಜೊತೆ ತಿಥಿಯನ್ನೂ ನೀರಿನ ಮಟ್ಟವನ್ನೂ ಬರೆಯಬೇಕು.

ಉಳಿಯಬೇಕಾದ ಚಿತ್ರಕ್ಕೆ ಪ್ಲೈವುಡ್ಡೇ ಸರಿ. ಎಂ.ಡಿ.ಎಫ್. (ಮರದ ನಾರು ಒತ್ತಿ ಮಾಡಿದ ಹಲಗೆ) ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ. ಕತ್ತರಿಸಿದ ಪ್ಲೈನ ನಾಲ್ಕೂ ಅಂಚಿಗೆ, ಹಿಂಬದಿಗೆ ಒಂದು ಕೋಟ್ ಜೆಸ್ಸೊ ಬಳಿಯದಿದ್ದರೆ ಮಳೆಗಾಲದಲ್ಲಿ ಹಪ್ಪಳದಂತೆ ಡೊಂಕಾಗುತ್ತದೆ. ಮುಂಬದಿಗೆ ಮೂರು ಕೋಟ್: ಮೊದಲನೆಯದು ಹತ್ತಕ್ಕೊಂದು ಪಾಲು ನೀರು ಸೇರಿಸಿ, ಎರಡನೆಯದು ಅಡ್ಡಕ್ಕೆ, ಮೂರನೆಯದು ಉದ್ದಕ್ಕೆ. ಪ್ರತಿ ಕೋಟ್ ಒಣಗಿದ ಮೇಲೆ 220 ನಂಬರಿನ ಮರಳುಕಾಗದದಲ್ಲಿ ಹಗುರವಾಗಿ ಉಜ್ಜಿ, ಕೊನೆಗೆ ಮೂರು ದಿನ ಬಿಡಿ. ಹಾರ್ಡ್‌ವೇರ್ ಅಂಗಡಿಯ ಗೋಡೆ ಪ್ರೈಮರ್ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಅದು ಎಣ್ಣೆಯನ್ನು ಹೀರಿಬಿಡುತ್ತದೆ, ಬಣ್ಣ ಸುಣ್ಣದ ಪುಡಿಯಂತೆ ಮಂಕಾಗಿ ಉಳಿಯುತ್ತದೆ.

ಬಿಳಿ ಹಲಗೆಯ ಮೇಲೆ ನೇರ ಶುರುಮಾಡಬೇಡಿ, ಕಡಲತೀರದ ಬಿಸಿಲಿಗೆ ಕಣ್ಣು ಕೋರೈಸುತ್ತದೆ. ಕಾಂಡ್ಲಾ ತುಂಬಿದ ದೃಶ್ಯಕ್ಕೆ ಬರ್ಂಟ್ ಸಿಯೆನಾದ ತೆಳುಲೇಪ: ಹಸಿರಿನ ಸಂದಿಯಲ್ಲಿ ಅಲ್ಲಲ್ಲಿ ಇಣುಕುವ ಕೆಂಪು ಎಲೆಗಳಿಗೆ ಜೀವ ತರುತ್ತದೆ. ಬರೀ ಕೆಸರು, ನೀರಿನ ಬಯಲಿಗೆ ನಡುಮಟ್ಟದ ಬೂದು.

ಕಾಲೂರುವ ಮಾತು

ಪೂರ್ತಿ ಮರದ ಪೆಟ್ಟಿಗೆ-ಈಸೆಲ್ ಗಟ್ಟಿ, ಆದರೆ ಗದ್ದೆಬದುವಿನಲ್ಲಿ ಹೊತ್ತು ನಡೆಯಲು ಭಾರ. ಕ್ಯಾಮರಾ ಟ್ರೈಪಾಡ್ ಮೇಲೆ ಕೂರುವ ಪುಟ್ಟ ಪೆಟ್ಟಿಗೆ ಹಗುರ, ಆದರೆ ಅದರ ಚೂಪುಕಾಲು ಕೆಸರಿನಲ್ಲಿ ಒಂದೊಂದೂ ಒಂದೊಂದು ಆಳಕ್ಕೆ ಇಳಿಯುತ್ತದೆ. ಮೂರು ಕಾಲಿನಡಿ ಮೂರು ಗೆರಟೆ ಮಗುಚಿಟ್ಟರೆ ನಿಲ್ಲುತ್ತದೆ. ನಡುವಿನ ಕೊಕ್ಕೆಗೆ ಕಲ್ಲು ತುಂಬಿದ ಚೀಲ. ಮನೆಗೆ ಬಂದ ಕೂಡಲೆ ಸ್ಕ್ರೂಗಳನ್ನು ಸಿಹಿನೀರಿನಲ್ಲಿ ತೊಳೆದು ಒರೆಸಿ. ಕೊಡೆ ಬಿಳಿಯದೋ ಕಪ್ಪಿನದೋ ಇರಲಿ, ಬಣ್ಣದ ಕೊಡೆ ಹಲಗೆಯ ಮೇಲೆ ತನ್ನ ಬಣ್ಣ ಚೆಲ್ಲುತ್ತದೆ. ಹಸಿ ಹಲಗೆಗಳನ್ನು ಮುಖಾಮುಖಿ ಇಟ್ಟು, ನಾಲ್ಕು ಮೂಲೆಗೆ ಬಾಟಲಿ ಬಿರಡೆಯ ತುಣುಕು ಸಿಕ್ಕಿಸಿ, ರಬ್ಬರ್ ಬ್ಯಾಂಡ್ ಹಾಕಿದರೆ ಬಸ್ಸಿನ ನೂಕುನುಗ್ಗಲಿನಲ್ಲೂ ಒಂದಕ್ಕೊಂದು ತಾಗವು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಚೀಲದಲ್ಲಿ ತುರುಕಿ ಬಿಡಬಾರದು: ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ. ಕೊಳಕು ಟರ್ಪೆಂಟೈನ್ ಹೊಳೆಗೆ ಹೋಗಬಾರದು. ಮನೆಗೆ ತಂದು ಎರಡು ದಿನ ಬಿಟ್ಟರೆ ಬಣ್ಣ ಅಡಿಗೆ ಇಳಿಯುತ್ತದೆ, ಮೇಲಿನ ತಿಳಿಯನ್ನು ಮತ್ತೆ ಬಳಸಬಹುದು.

ಹದಿನೈದನೆಯ ದಿನ ಅದೇ ಜಾಗಕ್ಕೆ ಹೋಗಿ ಕೂತಾಗ ಕೆಲವು ಕಡೆ ಬಣ್ಣ ಮಂಕಾಗಿ ಒಳಸೇರಿದಂತೆ ಕಾಣುತ್ತದೆ. ಹತ್ತಿಬಟ್ಟೆಯ ತುದಿಯಲ್ಲಿ ಒಂದು ತೊಟ್ಟು ಅಗಸೆ ಎಣ್ಣೆ ಸವರಿ, ಕೈಗೆ ಜಿಡ್ಡು ಹತ್ತದಷ್ಟು ಒರೆಸಿ ತೆಗೆದರೆ ಮೊದಲ ದಿನದ ಬಣ್ಣ ಎದ್ದುಬರುತ್ತದೆ. ಆ ಮೇಲೆ ಮುಟ್ಟಬೇಕಾದ್ದು ಎರಡೇ: ನೀರಿನ ಅಂಚಿನ ಬೆಳಕಿನ ಗೆರೆ, ಮತ್ತು ಕಡಲಗಾಳಿ ಏಳುತ್ತಲೇ ಉಸಿರುಬೇರಿನ ಕಾಂಡ್ಲಾದ ಎಲೆಗಳು ಮಗುಚಿಕೊಂಡು ಮಸುಕು ಅಡಿಭಾಗ ತೋರಿಸುವ ಕ್ಷಣ. ಅದಕ್ಕೆ ಬಿಳಿ, ಚೂರು ಓಕರ್, ಅಲ್ಟ್ರಾಮರೀನ್‌ನ ಒಂದು ಸೋಕು. ಚಪ್ಪಟೆ ಬ್ರಶ್‌ನ ಮೂಲೆಯಿಂದ ಏಳೆಂಟು ತಟ್ಟು.