ಬಾನೆಟ್ ಬೆಚ್ಚಗಿದ್ದರೆ ಅಡ್ವಾನ್ಸ್ ಕೊಡಬೇಡಿ

ಮೊದಲೇ ಹೇಳಿಬಿಡುತ್ತೇನೆ. ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರ್ ನೋಡಲು ಹೋದರೆ ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಆ ದಿನ ವಾಪಸ್ ಬನ್ನಿ. ನಾನು ಕೈ ಇಟ್ಟಿದ್ದೆ. ಬೆಚ್ಚಗಿತ್ತು. ಆದರೂ ಐವತ್ತು ಸಾವಿರ ಅಡ್ವಾನ್ಸ್ ಕೊಟ್ಟು ಬಂದೆ. ಅದನ್ನು ನೆನೆದರೆ ಈಗಲೂ ರಾತ್ರಿ ನಿದ್ದೆ ಬರುವುದಿಲ್ಲ.

ನಾನಿರುವುದು ಉಡುಪಿಯಲ್ಲಿ. ಎರಡು ಬಾಗಿಲಿನ ಕಾರ್ ತೆಗೆಯಬೇಕೆಂಬುದು ಕಾಲೇಜಿನ ದಿನಗಳಿಂದ ಇದ್ದ ಆಸೆ. ಹದಿನೈದು ವರ್ಷ ದುಡಿದು ಕೂಡಿಟ್ಟ ಹಣ. ಮೇ ಕೊನೆಯಲ್ಲಿ ಮಂಗಳೂರಿನ ಒಂದು ಹಳೇ ಕಾರಿನ ಅಂಗಡಿಯಲ್ಲಿ 2013ರ ಮಾಡೆಲ್ ಸಿಕ್ಕಿತು. ಜರ್ಮನಿಯದ್ದು, 2.0 ಲೀಟರ್ ಟರ್ಬೊ ಪೆಟ್ರೋಲ್, ಬೆಂಗಳೂರು ನೋಂದಣಿ, ಕೆಂಪು ಬಣ್ಣ. 13 ಲಕ್ಷ 80 ಸಾವಿರ. ಕಾರಿನ ಕಂಪನಿಯ ಹೆಸರು ಬರೆಯುವುದಿಲ್ಲ. ನನ್ನ ಸಿಟ್ಟು ಕಾರಿನ ಮೇಲೆ ಅಲ್ಲ.

"ಬಾನೆಟ್ ಬಿಸಿ ಉಂಟಲ್ಲ?" ಎಂದು ಕೇಳಿದೆ. "ನಿಮಗೋಸ್ಕರ ಈಗಷ್ಟೇ ತೊಳೆದು ತಂದದ್ದು ಸರ್" ಎಂದರು. ಬಾನೆಟ್ ತೆರೆದರೆ ಎಂಜಿನ್ ಹೊಸದರಂತೆ ಹೊಳೆಯುತ್ತಿತ್ತು. ಒಂದು ಚೂರು ಧೂಳು ಇಲ್ಲ. ನಾನು ಖುಷಿಪಟ್ಟೆ. ಹತ್ತು ವರ್ಷ ದಾಟಿದ ಕಾರಿನ ಎಂಜಿನ್ ಅಷ್ಟು ಸ್ವಚ್ಛ ಇದೆ ಎಂದರೆ ಯಾವುದೋ ಕಲೆಯನ್ನು ತೊಳೆದಿದ್ದಾರೆ ಎಂದು ಆಗ ಹೊಳೆಯಲೇ ಇಲ್ಲ. ಕೆಳಗೆ ನಾಲ್ಕು ಹನಿ ನೀರು ಬಿದ್ದಿತ್ತು. ಅದನ್ನೂ ಕೇಳಿದೆ. "ಎ.ಸಿ. ನೀರು ಸರ್. ಮಂಗಳೂರಿನ ಸೆಕೆ ಅಲ್ವಾ?" ನಮ್ಮ ಕಡೆ ಎ.ಸಿ. ಹಾಕಿದ ಎಲ್ಲ ಕಾರೂ ನೀರು ಬಿಡುತ್ತದೆ. ನಂಬಿದೆ. ಬಗ್ಗಿ ಒಂದು ಬೆರಳು ತಾಗಿಸಿ ನೋಡಬೇಕಿತ್ತು. ಎ.ಸಿ. ನೀರಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಅಂಟಿಲ್ಲ. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಬೆರಳಿಗೆ ಜಾರುತ್ತದೆ, ಸಿಹಿ ವಾಸನೆ ಬರುತ್ತದೆ. (ನಾಲಿಗೆಗೆ ಮಾತ್ರ ತಾಗಿಸಬೇಡಿ, ಅದು ವಿಷ. ಮನೆಯಲ್ಲಿ ನಾಯಿ, ಬೆಕ್ಕು ಇದ್ದರೆ ನೆಲದ ಮೇಲೆ ಬಿದ್ದದ್ದನ್ನು ಕೂಡಲೇ ತೊಳೆಯಿರಿ.)

ಕಾರ್ ಮನೆಗೆ ತಂದ ಎರಡು ವಾರದಲ್ಲಿ ಕೂಲೆಂಟ್ ಟ್ಯಾಂಕಿನ ಮಟ್ಟ ಕೆಳಗಿನ ಗೆರೆಗಿಂತ ಕೆಳಗೆ ಹೋಯಿತು. ಅರ್ಧ ಲೀಟರ್ ಹಾಕಿದೆ. ಹತ್ತು ದಿನದಲ್ಲಿ ಮತ್ತೆ ಕೆಳಗೆ. ಅಂಗಡಿಗೆ ವಾಟ್ಸಾಪ್ ಮಾಡಿದೆ. ಬಂದ ಉತ್ತರ: "ಸರ್ ಟರ್ಬೊ ಗಾಡಿ, ಸ್ವಲ್ಪ ಕುಡಿಯುತ್ತದೆ. ಮಂಡೆ ಬಿಸಿ ಮಾಡ್ಬೇಡಿ."

ಕೂಲೆಂಟನ್ನು ಯಾವ ಕಾರೂ ಕುಡಿಯುವುದಿಲ್ಲ. ಅದು ಮುಚ್ಚಿದ ವ್ಯವಸ್ಥೆ. ಕಮ್ಮಿಯಾಗುತ್ತಾ ಹೋಗುತ್ತಿದೆ ಎಂದರೆ ಒಂದೋ ಹೊರಗೆ ಸೋರುತ್ತಿದೆ, ಇಲ್ಲವೇ ಎಂಜಿನ್ ಒಳಗೆ ಹೋಗುತ್ತಿದೆ. ಮೂರನೆಯ ದಾರಿ ಇಲ್ಲ. ಇದು ನನಗೂ ಗೊತ್ತಿತ್ತು. ಆದರೆ ಎಲ್ಲಿ ಸೋರುತ್ತಿದೆ ಎಂದು ಕಾಣುತ್ತಿರಲಿಲ್ಲ. ಮಳೆಗಾಲ ಬೇರೆ, ಅಂಗಳವೆಲ್ಲ ಒದ್ದೆ. ಕಾರನ್ನು ಒಳಗೆ ನಿಲ್ಲಿಸಿ ಕೆಳಗೆ ರಟ್ಟು ಹಾಸಿದೆ. ಬೆಳಿಗ್ಗೆ ನೋಡಿದರೆ ರಟ್ಟು ಒಣಗಿಯೇ ಇತ್ತು. ಒಂದು ವಾರ ಹೀಗೇ ನೋಡಿದೆ. ಒಂದು ಹನಿ ಇಲ್ಲ! ಹಾಗಾದರೆ ಎಲ್ಲಿಗೆ ಹೋಗುತ್ತಿದೆ? ಕಾರಿನ ಕೆಳಗಿನ ಪ್ಲಾಸ್ಟಿಕ್ ಕವರ್ ಹನಿಗಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ, ಎಂಜಿನ್ ಬಿಸಿಗೆ ಉಳಿದದ್ದು ಆವಿಯಾಗುತ್ತದೆ ಎಂದು ತಿಳಿದದ್ದು ಕೊನೆಗೆ.

ಉಡುಪಿಯ ಒಂದು ಗ್ಯಾರೇಜಿಗೆ ಕೊಟ್ಟೆ. ಟ್ಯಾಂಕಿನ ಮುಚ್ಚಳ ಬದಲಿಸಿದರು. ಒಂದು ಹೋಸ್ ಬದಲಿಸಿದರು. 4,200 ರೂಪಾಯಿ. ನಿಲ್ಲಲಿಲ್ಲ. ಆಮೇಲೆ ರೇಡಿಯೇಟರ್ ಹೋಗಿದೆ ಎಂದರು. 31,000. ಆಗಲೂ ನಿಲ್ಲಲಿಲ್ಲ. ಪ್ರೆಶರ್ ಟೆಸ್ಟ್ (ಒಳಗೆ ಗಾಳಿ ಒತ್ತಿ ಸೋರಿಕೆ ಹುಡುಕುವುದು) ಮಾಡಿದಿರಾ ಎಂದು ಕೇಳಿದ್ದಕ್ಕೆ "ನೋಡಿದ್ರೆ ಗೊತ್ತಾಗುತ್ತದೆ ಸರ್" ಎಂದರು.

ನನಗೆ ಒಂದು ಧೈರ್ಯ ಇತ್ತು. ಕೂಲೆಂಟ್ ತುಂಬಾ ಕಮ್ಮಿಯಾದರೆ ಡ್ಯಾಶ್‌ಬೋರ್ಡಿನಲ್ಲಿ ಲೈಟ್ ಬರುತ್ತದಲ್ಲ, ಅಷ್ಟರವರೆಗೆ ಓಡಿಸಬಹುದು ಎಂದು. ಲೈಟ್ ಒಮ್ಮೆಯೂ ಬಂದಿರಲಿಲ್ಲ.

ಅಷ್ಟಮಿ ಮುಗಿದ ಭಾನುವಾರ ಮಗನನ್ನು ಕೂರಿಸಿಕೊಂಡು ತೀರ್ಥಹಳ್ಳಿಗೆ ಹೊರಟೆ. ಹೆಬ್ರಿ, ಸೋಮೇಶ್ವರ ದಾಟುವವರೆಗೆ ಎಲ್ಲ ಸರಿ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಅರ್ಧ ಹತ್ತಿರಬೇಕು, ಒಳಗೆ ಸಿಹಿ ವಾಸನೆ. ಎ.ಸಿ. ತಣ್ಣಗೆ ಬೀಸುವುದು ನಿಂತಿತು. ಉಷ್ಣತೆಯ ಮುಳ್ಳು 90ರಲ್ಲೇ ಇತ್ತು. ಮುಂದಿನ ತಿರುವಿನಲ್ಲಿ ಒಮ್ಮೆಲೇ ಕೆಂಪಿಗೆ ಹಾರಿತು. ಬಾನೆಟ್ ಅಂಚಿನಿಂದ ಹೊಗೆಯಂತೆ ಆವಿ. ಹೇರ್‌ಪಿನ್ ತಿರುವಿನ ಪಕ್ಕದಲ್ಲಿ, ಸುರಿಯುವ ಮಳೆಯಲ್ಲಿ ನಿಲ್ಲಿಸಿದೆ. ಹಿಂದಿನಿಂದ ಬಂದ ಬಸ್ಸಿನವರು ಹಾರ್ನ್ ಹಾಕಿದರು. ಯಾರೋ ಫೋಟೋ ತೆಗೆದರು. ಹನ್ನೊಂದು ವರ್ಷದ ಮಗ ಕೇಳಿದ, "ಅಪ್ಪ, ನಮ್ಮ ಕಾರ್ ಹಾಳಾಯ್ತಾ?" ನಾಚಿಕೆಯಿಂದ ನನಗೆ ಮಾತು ಹೊರಡಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಕೇಳಿ: "ಎಂತ ಆಗುದಿಲ್ಲ ಸರ್, ಸುಮ್ನೆ ಕ್ಯಾಪ್ ತೆಗೆದು ನೀರು ಹಾಕಿ." ಕುದಿಯುವ ಎಂಜಿನ್ನಿನ ಕ್ಯಾಪ್! ಒಳಗೆ ಒತ್ತಡದಲ್ಲಿ 100 ಡಿಗ್ರಿಗಿಂತ ಜಾಸ್ತಿ ಬಿಸಿಯಾದ ನೀರು. ತೆಗೆದ ಕೂಡಲೇ ಮುಖಕ್ಕೆ ಹಾರುತ್ತದೆ. ಮಗ ಪಕ್ಕದಲ್ಲೇ ನಿಂತಿದ್ದ. ಕಾರ್ ಮಾರುವವರಿಗೆ ಇದು ಗೊತ್ತಿಲ್ಲವೇ? ಗೊತ್ತಿದ್ದೂ ಹೇಳಿದರೇ? ಎರಡರಲ್ಲಿ ಯಾವುದಾದರೂ ಸರಿ, ಆ ಮಾತನ್ನು ನಾನು ಕ್ಷಮಿಸುವುದಿಲ್ಲ. ಒಂದು ಗಂಟೆ ಕಾದು, ಟೋ ಗಾಡಿ ಕರೆಸಿ, 6,500 ಕೊಟ್ಟು ಉಡುಪಿಗೆ ತಂದೆ.

ಪರಿಚಯದವರೊಬ್ಬರು ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಕಳಿಸಿದರು. ಅವರು ಮೊದಲು ಮಾಡಿದ ಕೆಲಸವೇ ಪ್ರೆಶರ್ ಟೆಸ್ಟ್. ತಣ್ಣಗಿದ್ದ ಎಂಜಿನ್ನಿನ ಟ್ಯಾಂಕಿಗೆ ಕೈಪಂಪ್ ಸಿಕ್ಕಿಸಿ ಗಾಳಿ ಹಾಕಿದರು. 1.4 ಬಾರ್. ಹತ್ತು ನಿಮಿಷದಲ್ಲಿ ಗೇಜಿನ ಮುಳ್ಳು 1ಕ್ಕೆ ಇಳಿಯಿತು. ಕೆಳಗಿನ ಕವರ್ ಬಿಚ್ಚಿ, ಟಾರ್ಚ್ ಮತ್ತು ಸಣ್ಣ ಕನ್ನಡಿ ಹಿಡಿದು ನೋಡಿದರು. ಗೇರ್‌ಬಾಕ್ಸ್ ಮೇಲೆ ಗುಲಾಬಿ ಬಣ್ಣದ ಉಪ್ಪಿನಂಥ ಪದರ. "ಇಗೊಳ್ಳಿ, ನಿಮ್ಮ ಕೂಲೆಂಟ್ ಇಲ್ಲುಂಟು" ಎಂದರು. ಆ ಎಂಜಿನ್ನಿನಲ್ಲಿ ಕೂಲೆಂಟ್ ಓಡಿಸುವ ವಾಟರ್ ಪಂಪ್ ಮತ್ತು ಅದರ ಬಿಸಿ ನೋಡಿಕೊಳ್ಳುವ ಥರ್ಮೋಸ್ಟಾಟ್ ಇರುವ ಹೌಸಿಂಗ್ (ಹೊರಕವಚ) ಪ್ಲಾಸ್ಟಿಕ್‌ನದ್ದು. ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಅಡಗಿರುತ್ತದೆ, ಮೇಲಿನಿಂದ ಕಾಣುವುದೇ ಇಲ್ಲ. ವರ್ಷಗಟ್ಟಲೆ ಬಿಸಿಯಾಗಿ, ತಣ್ಣಗಾಗಿ ಬಿರುಕು ಬಿಡುತ್ತದೆ. ಸೋರಿದ್ದು ಗೇರ್‌ಬಾಕ್ಸ್ ಮೇಲೆ ಬಿದ್ದು ಒಣಗುತ್ತದೆ. ಟ್ಯಾಂಕಿನ ತಳದಲ್ಲಿ ಕಂದು ಬಣ್ಣದ ಕೆಸರಿತ್ತು. ಲೀಕ್ ನಿಲ್ಲಿಸುವ ಪುಡಿ. ಒಂದಷ್ಟು ದಿನ ಬಿರುಕು ಮುಚ್ಚಿಕೊಳ್ಳುತ್ತದೆ, ಕಾರ್ ಮಾರಿಹೋಗುತ್ತದೆ. ಅದೇ ಪುಡಿ ಹೀಟರಿನ ಸಣ್ಣ ದಾರಿಗಳಲ್ಲೂ ಕಟ್ಟಿಕೊಳ್ಳುತ್ತದೆ. ನಮ್ಮ ಸೆಕೆಯಲ್ಲಿ ಹೀಟರ್ ಹಾಕುವವರು ಯಾರು? ಹಾಗಾಗಿ ಅದೂ ಗೊತ್ತಾಗುವುದಿಲ್ಲ.

ಆಮೇಲೆ ಅವರು ಕೇಳಿದ ಪ್ರಶ್ನೆ: "ಲೈಟ್ ಬಂದಿರ್ಲಿಲ್ವಾ ಮಾರಾಯ್ರೆ?"

ಇಲ್ಲ ಎಂದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಕೀ ತಿರುಗಿಸಿದರು. ಲೈಟ್ ಇಲ್ಲ. ಸೆನ್ಸರಿನ ವಯರ್ ಹಿಡಿದು ಹಿಂದಕ್ಕೆ ಹೋದರು. ಒಂದು ಕಡೆ ಕಪ್ಪು ಟೇಪ್ ಸುತ್ತಿತ್ತು. ಬಿಚ್ಚಿದರೆ ಒಳಗೆ ಎರಡು ವಯರ್‌ಗಳ ನಡುವೆ ಒಂದು ಸಣ್ಣ ರೆಸಿಸ್ಟರ್, ಬೆಸುಗೆ ಹಾಕಿದ್ದು. ಟ್ಯಾಂಕ್ ಖಾಲಿಯಾದರೂ ಕಾರಿಗೆ ತುಂಬಿದೆ ಎಂದೇ ತೋರುವಂತೆ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಸೋರುವುದು ಬೇರೆ. ಸೋರುವುದು ಗೊತ್ತಾಗಬಾರದೆಂದು ಕೂತು ಬೆಸುಗೆ ಹಾಕುವುದು ಬೇರೆ. ಆ ಲೈಟನ್ನು ನಂಬಿ ನಾನು ಮಗನನ್ನು ಘಾಟಿಗೆ ಕರೆದುಕೊಂಡು ಹೋಗಿದ್ದೆ.

ಅಂಗಡಿಗೆ ಫೋಟೋ ಕಳಿಸಿದೆ. ಎರಡು ನೀಲಿ ಗೆರೆ ಬಂತು. ಉತ್ತರ ಇಲ್ಲ. ಮರುದಿನ: "ಹಿಂದಿನ ಓನರ್ ಮಾಡಿದ್ದಿರಬೇಕು." ಟೇಪ್ ಇನ್ನೂ ಮೆತ್ತಗೆ, ಅಂಟಂಟು ಇತ್ತು, ಪಕ್ಕದ ಹಳೇ ಟೇಪ್‌ಗಳೆಲ್ಲ ಒಣಗಿ ಏಳುತ್ತಿದ್ದವು, ಇದು ಹೇಗೆ ಎಂದು ಕೇಳಿದೆ. "ನೀವು ಇದ್ದ ಹಾಗೆ ತೆಗೆದುಕೊಂಡಿದ್ದೇನೆ ಎಂದು ಸೈನ್ ಮಾಡಿದ್ದೀರಿ." ಮತ್ತೆ ಕೇಳಿದೆ. "ಘಾಟಿ ಹತ್ತಿಸಿದ್ದು ಯಾಕೆ?" ಕೊನೆಯದ್ದು: "ಇಂಥ ಗಾಡಿ ಸಾಕುವ ತಾಕತ್ತಿಲ್ಲದವರು ಸಣ್ಣ ಕಾರ್ ತೆಗೀಬೇಕು ಸರ್." ಸರ್ ಎಂದು ಸೇರಿಸಿ ಬರೆದಿದ್ದರು. ಆಮೇಲೆ ಬ್ಲಾಕ್.

ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗದ ಕೆಳಗೆ ಸೋರದಂತೆ ಕೂರಿಸುವ ಪದರ) ಹೋಗಿದೆಯೇ ಎಂದು ಪರೀಕ್ಷೆ ಮಾಡಿಸಿದೆವು. ನೀಲಿ ದ್ರವವನ್ನು ಟ್ಯಾಂಕಿನ ಬಾಯಿಗೆ ಇಟ್ಟು ಎಂಜಿನ್ ಚಾಲೂ ಮಾಡುತ್ತಾರೆ, ಒಳಗಿನ ಹೊಗೆ ಕೂಲೆಂಟಿಗೆ ಬರುತ್ತಿದ್ದರೆ ಅದು ಹಳದಿಯಾಗುತ್ತದೆ. ನೀಲಿಯಾಗಿಯೇ ಉಳಿಯಿತು. ಅಷ್ಟು ಪುಣ್ಯ. ಹೌಸಿಂಗ್, ಪಂಪ್, ಸೆನ್ಸರ್ ವಯರಿಂಗ್, ಕೆಸರು ತೊಳೆದದ್ದು ಎಲ್ಲ ಸೇರಿ 58,000. ಇಲ್ಲಿಯವರೆಗೆ ಒಟ್ಟು 99,700 ರೂಪಾಯಿ.

ನೋಡಲು ಹೋಗುವವರು ಇಷ್ಟು ಮಾಡಿ. ರಾತ್ರಿಯಿಡೀ ನಿಂತು ತಣ್ಣಗಾದ ಕಾರನ್ನೇ ನೋಡಿ, ಎಂಜಿನ್ ಬಿಸಿ ಇದ್ದರೆ ಮುಚ್ಚಳ ತೆಗೆಯಲು ಆಗುವುದಿಲ್ಲ. ಮುಚ್ಚಳ ತೆಗೆದು ಟ್ಯಾಂಕಿನ ತಳಕ್ಕೆ ಟಾರ್ಚ್ ಹಾಕಿ. ಹೀಟರ್ ಪೂರ್ತಿ ಹಾಕಿ, ಬಿಸಿ ಗಾಳಿ ಬರುತ್ತದೆಯೇ ನೋಡಿ. ಪ್ರೆಶರ್ ಟೆಸ್ಟಿಗೆ ಒಪ್ಪದಿದ್ದರೆ ಎದ್ದು ಬನ್ನಿ. ಉಷ್ಣತೆಯ ಮುಳ್ಳನ್ನು ನಂಬಬೇಡಿ. ಹಲವು ಕಾರುಗಳಲ್ಲಿ ಅದು 75ರಿಂದ 105ರವರೆಗೂ 90ರಲ್ಲೇ ನಿಂತಿರುವಂತೆ ಮಾಡಿರುತ್ತಾರೆ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದರೆ ಮಾತ್ರ ನಿಜವಾದ ಅಂಕಿ ಸಿಗುತ್ತದೆ. ಮತ್ತೆ, ಹೊಳೆಯುವ ಎಂಜಿನ್ ನೋಡಿ ನನ್ನ ಹಾಗೆ ಖುಷಿಪಡಬೇಡಿ.

ನಾನು ಬಿಡುವುದಿಲ್ಲ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷ ಸಮಯ ಇದೆ. 2019ರ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ಕೊಡಬಹುದು, ಮಂಗಳೂರಿಗೆ ಓಡಾಡಬೇಕಿಲ್ಲ. ರೆಸಿಸ್ಟರ್, ಟೇಪ್, ಒಡೆದ ಹೌಸಿಂಗ್ ಎಲ್ಲ ಕವರಿನಲ್ಲಿ ಹಾಕಿಟ್ಟಿದ್ದೇನೆ. ವಾಟ್ಸಾಪ್ ಮಾತುಕತೆಯ ಪ್ರಿಂಟ್ ತೆಗೆದಿದ್ದೇನೆ. ಮುಂದಿನ ವಾರ ಉಡುಪಿಯಲ್ಲಿ ವಕೀಲರನ್ನು ನೋಡುತ್ತೇನೆ.

ಒಂದು ಪ್ರೆಶರ್ ಟೆಸ್ಟರನ್ನೂ ಕೊಂಡಿದ್ದೇನೆ. ಉಡುಪಿ, ಮಂಗಳೂರು ಕಡೆ ಯಾರಾದರೂ ಇಂಥ ಕಾರ್ ನೋಡಲು ಹೊರಟಿದ್ದರೆ ಹೇಳಿ. ಭಾನುವಾರ ಆದರೆ ನಾನೇ ಜೊತೆಗೆ ಬರುತ್ತೇನೆ.